ಕಲ್ಲು ತುಂಬಿ ಮುಳುಗಿಸಿಟ್ಟ ದೋಣಿ

ಅವರು ತೀರಿಕೊಂಡ ದಿನ ಗಂಗಾನಗರದ ಆ ಮನೆಯ ಮುಂದೆ ಶಾಮಿಯಾನದ ಕೆಳಗೆ ಕೂತಿದ್ದೆ. ಬಂದವರಲ್ಲಿ ಮುಕ್ಕಾಲುಪಾಲು ಜನ ನನ್ನ ಕಿವಿಯ ಹತ್ತಿರ ಬಾಗಿ ಒಂದೇ ಪ್ರಶ್ನೆ ಕೇಳಿದರು. "ನೀರಲ್ಲೇ ಹೋದ್ರಾ ಸಾರ್?" ಇಲ್ಲ, ಮಂಚದ ಮೇಲೆ ಹೋದರು ಎಂದೆ. ಕೆಲವರಿಗೆ ನಿರಾಶೆಯೇ ಆದಂತೆ ಕಂಡಿತು. ಜೀವಮಾನವಿಡೀ ಹೊಳೆ, ಕೆರೆ, ಅಣೆಕಟ್ಟುಗಳ ತಳ ಮುಟ್ಟಿ ಬಂದ ಮನುಷ್ಯ ಆರು ವರ್ಷ ಬಾಲ್ಕನಿಯ ಕುರ್ಚಿಯಲ್ಲಿ ಕೂತು, ಕೊನೆಗೆ ಮಂಚದ ಮೇಲೆ ಸತ್ತದ್ದು ಯಾರಿಗೂ ಸರಿ ಕಾಣಲಿಲ್ಲ. ನನಗೂ ಸರಿ ಕಾಣಲಿಲ್ಲ. ಆದರೆ ಅವರನ್ನು ನೀರಿನಿಂದ ಎಳೆದು ಆ ಕುರ್ಚಿಯಲ್ಲಿ ಕೂರಿಸಿದವನು ನಾನೇ. ಅದನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು ಹಾಕುವುದಿಲ್ಲ. ಹಾಕುವ ಯೋಗ್ಯತೆ ನನಗಿಲ್ಲ.

ನಾನು ಕರಡು ತಿದ್ದುವವನು. ಯಶವಂತಪುರದ ಒಂದು ಸಣ್ಣ ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕೆಂಪು ಪೆನ್ನು ಹಿಡಿದು ಕೂತೆ. ಮದುವೆ ಕರೆಯೋಲೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ತಪ್ಪು ಹುಡುಕುವ ಜಾತಿ ನಮ್ಮದು. ಲೇಖಕರಿಗೆ ನಮ್ಮನ್ನು ಕಂಡರೆ ಅಷ್ಟಕ್ಕಷ್ಟೇ. ನಮಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ.

ಅವರು ನಮ್ಮ ಪ್ರೆಸ್ಸಿಗೆ ಬಂದ ದಿನ ಕೈಯಲ್ಲಿ ಒಂದು ವಿಚಿತ್ರ ಗಂಟು ಇತ್ತು. ಹಾಲಿನ ಕವರುಗಳನ್ನು ಸೀಳಿ, ಒಂದಕ್ಕೊಂದು ಅಂಟಿಸಿ ಮಾಡಿದ ಚೀಲ. ಅದರೊಳಗೆ ಇನ್ನೊಂದು ಚೀಲ. ಅದರೊಳಗೆ ಹಸ್ತಪ್ರತಿ. ಬಿಚ್ಚುವುದಕ್ಕೇ ಕಾಲು ಗಂಟೆ ಹಿಡಿಯಿತು. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಸುಡುತ್ತಿತ್ತು.

"ಮಳೆ ಇಲ್ವಲ್ಲ ಸಾರ್," ಎಂದೆ.

"ನೀರು ಹೇಳಿ ಕೇಳಿ ಬರಲ್ಲ ಕಣ್ರೀ," ಎಂದರು.

ಒಳಗಿನ ಮುನ್ನೂರು ಚಿಲ್ಲರೆ ಹಾಳೆಗಳೂ ಪೆನ್ಸಿಲ್ಲಿನಲ್ಲಿ ಬರೆದವು. ಇಂಕು ನೀರಿಗೆ ನಿಲ್ಲುವುದಿಲ್ಲ, ಸೀಸ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ಮನೆಯ ದಿನಸಿ ಚೀಟಿಯನ್ನೂ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದರಂತೆ.

ಅವರು ನೌಕಾಪಡೆಯಲ್ಲಿ ಹದಿನೈದು ವರ್ಷ ಮುಳುಗುಗಾರರಾಗಿದ್ದವರು. ಊರಿಗೆ ಮರಳಿ ಒಂದು ಕಾರ್ಖಾನೆಯಲ್ಲಿ ಮೆಷಿನ್ ರಿಪೇರಿ ಕೆಲಸಕ್ಕೆ ಸೇರಿದರು. ಸಮುದ್ರ ಬಿಟ್ಟು ಬಂದ ಮೇಲೆ ಸಿಹಿನೀರಿನ ಹುಚ್ಚು ಹಿಡಿಯಿತು. ನಮ್ಮ ನಾಡಿನ ನದಿಗಳಲ್ಲಿ, ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿಹೋದ ಹಳೆಯ ದೋಣಿಗಳನ್ನು ಹುಡುಕುವುದು, ತಳಕ್ಕೆ ಇಳಿದು ಅಳೆಯುವುದು, ಅವಕ್ಕೆ ಸುತ್ತಿಕೊಂಡ ನೈಲಾನ್ ಬಲೆಗಳನ್ನು ಬಿಡಿಸುವುದು, ಹಾಯುವ ನೀರಿಗೆ ಹಲಗೆ ಸವೆಯದಂತೆ ಮರಳಿನ ಮೂಟೆ ಪೇರಿಸುವುದು. ಭಾನುವಾರ, ರಜೆ, ಹಬ್ಬ ಎಲ್ಲ ಇದಕ್ಕೇ. ಇಷ್ಟು ಮಾಡಿ ಮೇಲೆ ಏನನ್ನೂ ತರುತ್ತಿರಲಿಲ್ಲ. ಒಂದು ತುಕ್ಕು ಮೊಳೆಯನ್ನೂ ತರುತ್ತಿರಲಿಲ್ಲ.

"ಮರವನ್ನ ನೀರು ಕೆಡಿಸಲ್ಲ, ಗಾಳಿ ಕೆಡಿಸುತ್ತೆ," ಎನ್ನುತ್ತಿದ್ದರು. "ಕೆಳಗಿದ್ರೆ ಇನ್ನೂ ಇನ್ನೂರು ವರ್ಷ ಇರುತ್ತೆ. ಮೇಲೆ ತಂದ್ರೆ ಎರಡು ತಿಂಗಳು. ಒಣಗಿದ ತಕ್ಷಣ ಹಪ್ಪಳ."

ಅಂಗಡಿಯವರಿಗೆ ಇದು ಅರ್ಥವಾಗುತ್ತಿರಲಿಲ್ಲ. ಆರ್.ಟಿ. ನಗರದ ತರಕಾರಿಯವನು ಪ್ರತಿ ಸೋಮವಾರವೂ ತಪ್ಪದೆ ಕೇಳುತ್ತಿದ್ದ, "ಏನ್ ಸಾರ್, ಈ ಸಲನಾದ್ರೂ ಚಿನ್ನ ಗಿನ್ನ ಸಿಕ್ತಾ?" ಇವರು ಅಷ್ಟೇ ತಪ್ಪದೆ ಉತ್ತರಿಸುತ್ತಿದ್ದರು. "ಕೆಸರು ಸಿಕ್ತಪ್ಪ. ಒಂದ್ ಕೆಜಿ ಕಟ್ಲಾ?"

ಅವರ ಮನೆಯಲ್ಲಿ ಅಡಿ, ಇಂಚಿನ ಮಾತೇ ಇರಲಿಲ್ಲ. ಎಲ್ಲವೂ ಮಾರು, ಮೊಳ, ಗೇಣು. ನೀರಿನ ಕೆಳಗೆ ಟೇಪು ಹಿಡಿಯುವುದು ಕಷ್ಟ, ತೋಳು ಚಾಚುವುದು ಸುಲಭ ಎಂದು ಶುರುವಾದ ಅಭ್ಯಾಸ ಮೇಲೂ ಬಿಡಲಿಲ್ಲ. ಮೊದಲ ಸಲ ನಮ್ಮ ಮನೆಗೆ ಬಂದಾಗ ಬಾಗಿಲಲ್ಲೇ ಎರಡೂ ತೋಳು ಚಾಚಿ ನಿಂತರು. ಅಪ್ಪಿಕೊಳ್ಳಲು ಬಂದರೆಂದು ನಾನು ಗಾಬರಿಯಾದೆ. ಅವರು ನಮ್ಮ ನಡುಮನೆ ಅಳೆಯುತ್ತಿದ್ದರು. "ಎರಡೂವರೆ ಮಾರು. ಒಂದು ಹರಿಗೋಲು ಆರಾಮಾಗಿ ಹಿಡಿಯುತ್ತೆ," ಎಂದು ತೀರ್ಪು ಕೊಟ್ಟು ಕೂತರು.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಪುಸ್ತಕದ ಮುಖಪುಟ ಚೆನ್ನಾಗಿದೆ ಎನ್ನಲು ನಾನೊಮ್ಮೆ ಹೆಬ್ಬೆರಳು ಎತ್ತಿ ತೋರಿಸಿದೆ. ಅವರು ದಡಕ್ಕನೆ ಎದ್ದು ನಿಂತರು. ಅವರ ಕೆಲಸದಲ್ಲಿ ಹೆಬ್ಬೆರಳು ಎತ್ತಿದರೆ 'ಸಾಕು, ಮೇಲಕ್ಕೆ ನಡಿ' ಎಂದು ಅರ್ಥ. 'ಎಲ್ಲ ಸರಿ' ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸುನ್ನೆ ಮಾಡಬೇಕು. ಅವರ ಹೆಂಡತಿ ಶಾರದಮ್ಮನವರಿಗೂ ಇದು ರೂಢಿಯಾಗಿತ್ತು. ಅಡುಗೆಮನೆಯಿಂದ ಸೌಟು ಎತ್ತಿ ಕಣ್ಣಲ್ಲೇ ಉಪ್ಪು ಸರಿಯಾ ಎಂದು ಕೇಳಿದರೆ, ಇವರು ನಡುಮನೆಯಿಂದ ಸುನ್ನೆ ತೋರಿಸುತ್ತಿದ್ದರು. ಮಕ್ಕಳಿರಲಿಲ್ಲ. ಮಾತೂ ಹೆಚ್ಚಿರಲಿಲ್ಲ. ಕೈಸನ್ನೆಯಲ್ಲೇ ಸಂಸಾರ ನಡೆಯುತ್ತಿತ್ತು.

ಅವರ ಇನ್ನೊಂದು ಮುಖವೂ ಇತ್ತು. ಜಕ್ಕೂರಿನ ಕಡೆ ಕಲ್ಲು ಕ್ವಾರಿ ಗುಂಡಿಗೋ ಯಾವುದಾದರೂ ಕೆರೆಗೋ ಯಾರಾದರೂ ಬಿದ್ದರೆ ಮೊದಲು ಇವರಿಗೆ ಫೋನು ಬರುತ್ತಿತ್ತು. ಇಲ್ಲ ಎಂದವರಲ್ಲ. ಹೋಗಿ, ಹೆಣ ತೆಗೆದುಕೊಟ್ಟು, ಯಾರ ಮುಖವನ್ನೂ ನೋಡದೆ ಬಂದುಬಿಡುತ್ತಿದ್ದರು. ಆ ದಿನ ಊಟ ಮಾಡುತ್ತಿರಲಿಲ್ಲ. ಬೀದಿಯಲ್ಲಿ ಕೆಲವರು ಅವರ ಕೈಯಿಂದ ಪ್ರಸಾದ ತೆಗೆದುಕೊಳ್ಳಲು ಹಿಂದೆಮುಂದೆ ನೋಡಿದ್ದನ್ನು ನಾನೇ ಕಂಡಿದ್ದೇನೆ. ಅವರಿಗೂ ಗೊತ್ತಿತ್ತು. "ಇರ್ಲಿ ಬಿಡಿ, ಅವರವರ ನೀರು ಅವರವರಿಗೆ," ಎಂದಷ್ಟೇ ಹೇಳಿದರು. ಆ ಮಾತಿಗೆ ಅರ್ಥವೇನೆಂದು ನನಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ.

ಪುಸ್ತಕದಲ್ಲಿ ಹನ್ನೆರಡು ಅಧ್ಯಾಯ, ಹನ್ನೆರಡು ದೋಣಿ. ಹತ್ತು ಅಧ್ಯಾಯದ ಕರಡು ಮುಗಿಯುವ ಹೊತ್ತಿಗೆ ನಮ್ಮಿಬ್ಬರಿಗೂ ಸಲಿಗೆ ಬೆಳೆದಿತ್ತು. "ಬರೀ ಕಾಮಾ ಹಾಕ್ತಾ ಕೂತಿರ್ತೀರಲ್ಲ, ಒಂದ್ಸಲ ಬಂದು ನೋಡಿ," ಎಂದು ನನ್ನನ್ನು ಒಂದು ಹಿನ್ನೀರಿಗೆ ಎಳೆದುಕೊಂಡು ಹೋದರು. ಯಾವ ಹಿನ್ನೀರು ಎಂದು ಬರೆಯುವುದಿಲ್ಲ. ಬರೆದು ಕೆಡಿಸಿದ್ದು ಸಾಕು.

ನನಗೆ ಈಜು ಬರುವುದಿಲ್ಲ. ಹರಿಗೋಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಇದ್ದಬದ್ದ ದೇವರನ್ನೆಲ್ಲ ನೆನೆಯುತ್ತ ಕೂತಿದ್ದೆ. ಅವರು ನೀರಿನ ನಡುವೆ ಜಾಗ ಹುಡುಕುವ ಕ್ರಮ ನೋಡಲು ಚೆಂದ. ಯಂತ್ರವಿಲ್ಲ, ನಕ್ಷೆಯಿಲ್ಲ. ದೂರದ ಗುಡ್ಡದ ಮೇಲೊಂದು ಸುಣ್ಣ ಬಳಿದ ಗುಡಿ, ದಡದಲ್ಲೊಂದು ಹುಣಸೆ ಮರ. ಗುಡಿ ಸರಿಯಾಗಿ ಮರದ ನೆತ್ತಿಯ ಮೇಲೆ ಕೂರುವವರೆಗೆ ಹರಿಗೋಲು ಜರುಗಿಸಬೇಕು. ಆ ಗೆರೆ ಬಿಡದೆ ಮುಂದೆ ಹೋದರೆ ಎಡಗಡೆ ಒಂದು ಹಳೆಯ ಪಂಪುಮನೆ ಎರಡು ಬಂಡೆಗಳ ಸಂದಿಯಲ್ಲಿ ಇಣುಕುತ್ತದೆ. ಎರಡೂ ಒಟ್ಟಿಗೆ ಕೂಡಿಬಂದ ಕಡೆ ನಿಲ್ಲು. ದೋಣಿ ಕಾಲ ಕೆಳಗಿದೆ.

ಬೆನ್ನಿಗೆ ಗಾಳಿಯ ಸಿಲಿಂಡರು ಏರಿಸಿ, ಹಗ್ಗದ ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. "ಮೂರು ಸಲ ಜಗ್ಗಿದ್ರೆ ಎಳೀಬೇಕು. ಆಕಳಿಕೆ ಬಂದ್ರೂ ಬಾಯ್ ಮುಚ್ಕೊಂಡೇ ಆಕಳಿಸಿ, ಹಗ್ಗ ಬಿಡ್ಬೇಡಿ," ಎಂದು ಹೇಳಿ ಇಳಿದುಹೋದರು. ಮುಕ್ಕಾಲು ಗಂಟೆ ಗುಳ್ಳೆಗಳನ್ನೇ ನೋಡುತ್ತಿದ್ದೆ.

ಮೇಲೆ ಬಂದವರು ದಡದಲ್ಲಿ ಆ ಹುಣಸೆ ಮರದ ಕೆಳಗೇ ಕೂತು, ಶಾರದಮ್ಮನವರು ಕಟ್ಟಿಕೊಟ್ಟ ಪುಳಿಯೋಗರೆ ತಿನ್ನುತ್ತ ಹೇಳಿದರು. ಆ ದೋಣಿ ಅಣೆಕಟ್ಟು ಬರುವ ಮೊದಲು ಗಾಡಿ, ಎತ್ತು, ಮದುವೆ ದಿಬ್ಬಣ ದಾಟಿಸುತ್ತಿದ್ದ ಕಡವಿನ ದೋಣಿ. ನಾಲ್ಕೂವರೆ ಮಾರು ಉದ್ದ. ಅದರ ಒಳಗೆ ಗುಂಡುಕಲ್ಲುಗಳನ್ನು ಸಾಲಾಗಿ, ಒಂದರ ಪಕ್ಕ ಒಂದು ಜೋಡಿಸಿದೆ. ಬೇಸಿಗೆಯಲ್ಲಿ ದಡದಲ್ಲಿಟ್ಟರೆ ಹಲಗೆ ಬಿರಿಯುತ್ತದೆಂದು ಅಂಬಿಗರು ಕಲ್ಲು ತುಂಬಿ ದೋಣಿಯನ್ನು ನೀರಿನೊಳಗೇ ಇಳಿಸಿಡುತ್ತಿದ್ದರಂತೆ. ಮಳೆಗಾಲಕ್ಕೆ ಕಲ್ಲು ತೆಗೆದು ಎತ್ತಿಕೊಳ್ಳುತ್ತಿದ್ದರು.

"ಇದು ಮುಳುಗಿದ್ದಲ್ಲ ಕಣ್ರೀ, ಮುಳುಗಿಸಿಟ್ಟಿದ್ದು," ಎಂದರು. "ಆ ಅಂಬಿಗ ವಾಪಸ್ ಬರೋನಿದ್ದ. ಅಷ್ಟರಲ್ಲಿ ಅಣೆಕಟ್ಟು ಬಾಗ್ಲು ಹಾಕಿದ್ರು, ನೀರು ಏರ್ತಾನೇ ಹೋಯ್ತು. ಒಂದು ಕಲ್ಲೂ ಆಚೀಚೆ ಆಗಿಲ್ಲ." ಕೈಯಲ್ಲಿನ ತುತ್ತು ಹಾಗೇ ಇತ್ತು. "ಉಳಿದ ಹನ್ನೊಂದು ಹೋದ್ರೂ ತಡ್ಕೊತೀನಿ. ಇದೊಂದು ನಾನಿರೋವರೆಗೆ ಹಿಂಗೇ ಇರ್ಬೇಕು."

ಬೇರೆ ಯಾರಿಗೂ ಅವರು ಅದನ್ನು ಹೇಳಿರಲಿಲ್ಲ.

ಮುಂದಿನದನ್ನು ಸುತ್ತುಬಳಸಿ ಹೇಳಲಾರೆ. ಆ ದೋಣಿಯ ಅಧ್ಯಾಯ ಪುಸ್ತಕದ ಕೊನೆಯದು. ಅವರು ಎರಡು ಸಲ ಕರಡು ನೋಡಿ ಒಪ್ಪಿ ಕೊಟ್ಟಾಗಿತ್ತು. ಅಚ್ಚಿಗೆ ಹೋಗುವ ಮುಂಚೆ ಕೊನೆಯ ಸಲ ಕಣ್ಣಾಡಿಸುವುದು ನನ್ನ ಪದ್ಧತಿ. ಆಗ ಒಂದು ಸಾಲು ಕಣ್ಣಿಗೆ ಚುಚ್ಚಿತು. 'ಗುಡ್ಡದ ಗುಡಿ ದಡದ ಅರಳಿ ಮರದ ನೆತ್ತಿಯ ಮೇಲೆ ಬರುವಂತೆ ನಿಂತರೆ...'

ಅರಳಿ ಮರವೇ? ನಾನೇ ಕೂತು ಪುಳಿಯೋಗರೆ ತಿಂದ ಮರ. ಹುಣಸೆ. ಅರಳಿ ಮರ ಅದೇ ದಡದಲ್ಲಿ ಒಂದು ಫರ್ಲಾಂಗು ಆಚೆಗಿತ್ತು. ಪಾಪ, ಮರೆತು ಬರೆದಿದ್ದಾರೆ ಎಂದುಕೊಂಡೆ. ಅವರು ಆ ವಾರ ಊರಲ್ಲಿರಲಿಲ್ಲ. ಪ್ರೆಸ್ಸಿನಲ್ಲಿ ಮೆಷಿನ್ನು ಕಾಯುತ್ತಿತ್ತು. ನಾನು 'ಅರಳಿ'ಯನ್ನು ಹೊಡೆದು 'ಹುಣಸೆ' ಎಂದು ಮಾಡಿ ಕಳಿಸಿದೆ. ಆಮೇಲೂ ಅವರಿಗೆ ಹೇಳಲಿಲ್ಲ. ಇಷ್ಟು ದೊಡ್ಡ ತಪ್ಪು ಎತ್ತಿ ತೋರಿಸಿದರೆ ಮುಜುಗರ ಪಟ್ಟಾರು ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ, ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ನನ್ನ ನೆನಪಿನ ಶಕ್ತಿಯನ್ನು ನಾನೇ ಮೆಚ್ಚಿಕೊಂಡೆ.

ಪುಸ್ತಕ ಬಂತು. ಸಹಕಾರನಗರದ ಒಂದು ಸಣ್ಣ ಸಭಾಂಗಣದಲ್ಲಿ ಬಿಡುಗಡೆ. ಐವತ್ತು ಕುರ್ಚಿ, ಇಪ್ಪತ್ತು ಜನ. ಮುಂದಿನ ಸಾಲಿನಲ್ಲಿ ಅಟ್ಟೂರಿನ ಒಬ್ಬ ಬಿಲ್ಡರ್ ಕೂತಿದ್ದರು. ಅಟ್ಟೂರಿನ ಹಳೆಯ ಒಕ್ಕಲು ಮನೆತನ. ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮೊಮ್ಮಗ ಲೇಔಟು ಮಾಡಿದ್ದರು. ಆದರೆ ಕೆಟ್ಟ ಮನುಷ್ಯ ಅಲ್ಲ. ಭಾಷಣ ಮುಗಿದ ಮೇಲೆ ಇವರ ಎರಡೂ ಕೈ ಹಿಡಿದುಕೊಂಡು, "ಸ್ವಾಮಿ, ನಮ್ ತಾತ ಏಳ್ತಿದ್ದ ಕತೆ ಕೇಳ್ದಂಗಾಯ್ತು," ಎಂದು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಇವರಿಗೂ ಸಂತೋಷವಾಯಿತು. ಒಬ್ಬ ಓದುಗನಾದರೂ ಸಿಕ್ಕನಲ್ಲ ಎಂದರು.

ಮರು ಬೇಸಿಗೆಯಲ್ಲಿ ಆ ಓದುಗರು ಫೋನು ಮಾಡಿದರು. "ಒಂದ್ ಸಂತೋಸದ್ ಇಸ್ಯ ಐತೆ, ಇಬ್ರೂ ಬನ್ನಿ," ಎಂದು ಇವರಿಗೂ ನನಗೂ ಕಾರು ಕಳಿಸಿದರು. ಅಟ್ಟೂರಿನ ಹೊಸ ಲೇಔಟಿನ ಕಮಾನಿನ ಪಕ್ಕ, ಸಿಮೆಂಟು ಕಟ್ಟೆಯ ಮೇಲೆ, ಎರಡು ಫೋಕಸ್ ಲೈಟುಗಳ ನಡುವೆ ಆ ದೋಣಿ ನಿಂತಿತ್ತು. ಒಬ್ಬ ಪೇಂಟರ್ ಅದಕ್ಕೆ ವಾರ್ನಿಷ್ ಬಳಿಯುತ್ತಿದ್ದ. ಕೆಳಗಡೆ ಹಲಗೆಯ ಸಂದಿಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅಲ್ಲಿ ಯಾರೂ ಕ್ಯಾರೇ ಅನ್ನದಂಗೆ ಕೆಸರಲ್ಲಿ ಬಿದ್ದಿತ್ತು ಸ್ವಾಮಿ," ಎಂದರು ಬಿಲ್ಡರ್. "ಅವರಿವರನ್ನ ಇಡ್ದು ಪರ್ಮಿಸನ್ ತಗಂಡು, ಕ್ರೇನ್ ತರ್ಸಿ ಎತ್ತುಸ್ದೆ. ಕಾಪಾಡೋದು ಅಂದ್ರೆ ಇಂಗೆ! ಕೆಳಗೆ ನಿಮ್ಮೆಸ್ರು ಆಕುಸ್ತೀನಿ, ಕಲ್ಲಲ್ಲಿ ಕೆತ್ಸಿ."

ಇವರು ಹೋಗಿ ದೋಣಿಯ ಮೈಮೇಲೆ ಅಂಗೈ ಇಟ್ಟರು. "ಕಲ್ಲುಗಳು?" ಎಂದು ಕೇಳಿದರು.

"ಯಾವ್ ಕಲ್ಲು? ಓ, ಅವಾ? ಬಾರ ಆಗ್ತಿತ್ತು, ಅಲ್ಲೇ ಎಸುದ್ವಿ."

"ಎತ್ತಿ ಎಷ್ಟು ದಿನ ಆಯ್ತು?"

"ನಾಕು ದಿನ."

"ಎಲ್ಲಿದೆ ಅಂತ ಹೆಂಗೆ ಗೊತ್ತಾಯ್ತು?"

ಬಿಲ್ಡರಿಗೆ ಈ ಪ್ರಶ್ನೆಯೇ ತಮಾಷೆಯಾಗಿ ಕಂಡಿತು. ಕಾರಿನಿಂದ ಪುಸ್ತಕ ತರಿಸಿದರು. ಕೊನೆಯ ಅಧ್ಯಾಯದಲ್ಲಿ ಮೂಲೆ ಮಡಿಸಿದ ಪುಟ. "ಇಗಾ, ನೀವೇ ಬರ್ದಿದೀರಲ್ಲ ಸ್ವಾಮಿ. ಗುಡಿ ಉಣಸೆ ಮರದ್ ನೆತ್ತಿ ಮ್ಯಾಲೆ ಬರ್ಬೇಕು ಅಂತ. ಮೀನು ಇಡಿಯೋರ್ಗೆ ಓದಿ ಏಳ್ದೆ. ಒಂದೇ ದಿನಕ್ಕೆ ಸಿಕ್ಬುಡ್ತು!"

ಅವರು ಆ ಸಾಲನ್ನು ಓದಿದರು. ಮತ್ತೆ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೂ ಓದಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾನು ಅರಳಿ ಅಂತಲ್ವೇನ್ರೀ ಬರೆದಿದ್ದು?"

"ನೆನಪಿಲ್ಲ ಸಾರ್," ಎಂದೆ.

ವಾಪಸು ಬರುವಾಗ ಅವರು ಕಾರು ಬೇಡವೆಂದರು. ಆಟೋದಲ್ಲಿ ಬಂದೆವು. ಯಲಹಂಕ ದಾಟಿದ ಮೇಲೆ ತಾವೇ ಹೇಳಿದರು. ಹನ್ನೆರಡು ಅಧ್ಯಾಯದಲ್ಲೂ ಅವರು ಒಂದೊಂದು ಗುರುತನ್ನು ಬೇಕೆಂದೇ ತಪ್ಪಾಗಿ ಬರೆದಿದ್ದರು. "ಗುರುತೇ ಕೊಡ್ದಿದ್ರೆ ಕಟ್ಟುಕಥೆ ಅಂತಾರೆ. ಸರಿಯಾಗಿ ಕೊಟ್ರೆ ಎತ್ಕೊಂಡ್ ಹೋಗ್ತಾರೆ. ಅದಕ್ಕೇ ಒಂದು ಮರ, ಒಂದು ಬಂಡೆ ಬದಲಾಯಿಸಿಟ್ಟಿದ್ದೆ. ಸರಿಯಾದ್ದು ನನ್ನ ತಲೇಲಿರುತ್ತೆ. ಇದೊಂದರಲ್ಲಿ ಮಾತ್ರ... ಹೆಂಗ್ ಬರೆದೆ ಇದನ್ನ? ಎರಡು ಸಲ ಕರಡು ಓದಿದೀನಿ ಕಣ್ರೀ, ಎರಡು ಸಲ!"

ಉಳಿದ ಹನ್ನೊಂದರಲ್ಲಿ ತಪ್ಪು ಉಳಿದದ್ದು ನಾನು ಆ ಜಾಗಗಳನ್ನು ನೋಡಿರಲಿಲ್ಲವೆಂದು. ಇದೊಂದನ್ನು ಅವರೇ ಕರೆದುಕೊಂಡು ಹೋಗಿ, ಊಟ ಹಾಕಿ, ತೋರಿಸಿದ್ದರು.

"ನನ್ನ ಹಸ್ತಪ್ರತಿ ನಿಮ್ಮ ಹತ್ರ ಇದೆಯಾ? ಒಂದ್ಸಲ ನೋಡ್ಬೇಕು," ಎಂದರು ಹೆಬ್ಬಾಳದ ಮೇಲುಸೇತುವೆಯ ಹತ್ತಿರ.

ಅದು ನಮ್ಮ ಮನೆಯ ಅಟ್ಟದ ಮೇಲೆ, ಅದೇ ಹಾಲಿನ ಕವರಿನ ಚೀಲದಲ್ಲಿ ಭದ್ರವಾಗಿತ್ತು.

"ಪ್ರೆಸ್ಸಲ್ಲಿ ಹಳೇ ಪೇಪರ್ ಜೊತೆ ಹಾಕ್ಬಿಟ್ರು ಸಾರ್," ಎಂದೆ.

ಮೊದಲ ಸುಳ್ಳು ಹೆದರಿಕೆಗೆ ಬಂದದ್ದು. ಎರಡನೆಯದನ್ನು ಯೋಚಿಸಿ ಹೇಳಿದೆ.

ಆ ದೋಣಿಯನ್ನು ಉಳಿಸಲು ಅವರು ಪಟ್ಟ ಪಾಡು ನೋಡಿದವರು ಯಾರೂ ಮರೆಯಲಾರರು. ದಿನಾ ಬೆಳಗ್ಗೆ ಬಸ್ಸು ಹಿಡಿದು ಅಟ್ಟೂರಿಗೆ ಹೋಗಿ, ಗೋಣಿಚೀಲಗಳನ್ನು ಒದ್ದೆ ಮಾಡಿ ದೋಣಿಗೆ ಹೊದಿಸುತ್ತಿದ್ದರು. ಗಂಟೆಗೊಮ್ಮೆ ನೀರು ಹೊಯ್ಯುತ್ತಿದ್ದರು. ನಾನೂ ಕೆಲವು ದಿನ ಹೋಗಿ ಬಕೆಟು ಹೊತ್ತೆ. ಪಾಪ ತೊಳೆಯುವ ಆಸೆ. ಬಿಲ್ಡರಿಗೆ ನಿಧಾನವಾಗಿ ವಿಷಯ ಅರ್ಥವಾಯಿತು. "ನಂಗೆ ಗೊತ್ತಿರ್ಲಿಲ್ಲ ಸ್ವಾಮಿ," ಎಂದು ಒಂದು ದಿನ ಕೈ ಮುಗಿದರು. ಹಿನ್ನೀರಿಗೇ ವಾಪಸು ಹಾಕೋಣ ಎಂದರೆ, ತೆಗೆಯಲು ಕೊಟ್ಟ ಅನುಮತಿ ಹಾಕಲು ಸಿಗಲಿಲ್ಲ. ಸುತ್ತಲಿನ ಯಾವುದಾದರೂ ಕೆರೆಯಲ್ಲಿ ಮುಳುಗಿಸೋಣವೆಂದು ಇವರು ಕಚೇರಿಯಿಂದ ಕಚೇರಿಗೆ ಅಲೆದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. "ಎಲ್ಲರೂ ಕೆರೆಯಿಂದ ಕಸ ತೆಗೀರಿ ಅಂತ ಬರ್ತಾರೆ, ನೀವೊಬ್ರು ಹಾಕ್ಬೇಕು ಅಂತೀರಲ್ಲ ಯಜಮಾನ್ರೇ," ಎಂದು ಒಬ್ಬ ಅಧಿಕಾರಿ ನಕ್ಕದ್ದನ್ನು ಪಕ್ಕದಲ್ಲೇ ನಿಂತು ಕೇಳಿದೆ.

ಆ ಬೇಸಿಗೆ ನಮ್ಮ ಕಡೆ ಬೋರುಗಳೆಲ್ಲ ಬತ್ತಿದ್ದವು. ಲೇಔಟಿಗೆ ಎರಡು ದಿನಕ್ಕೊಂದು ಟ್ಯಾಂಕರ್. ಮಹಡಿ ಮನೆಯವರೆಲ್ಲ ಒಂದು ಭಾನುವಾರ ಕಮಾನಿನ ಹತ್ತಿರ ಸೇರಿದರು. ಒಬ್ಬ ಹೆಂಗಸು, ಕಂಕುಳಲ್ಲಿ ಮಗು, ನೇರವಾಗಿ ಇವರನ್ನೇ ಕೇಳಿದಳು.

"ಅಂಕಲ್, ಮಗೂಗೆ ಸ್ನಾನ ಮಾಡ್ಸೋಕೆ ನೀರಿಲ್ಲ. ನೀವು ಸತ್ತಿರೋ ಮರಕ್ಕೆ ಸುರೀತಿದೀರಲ್ಲ, ಸರಿನಾ?"

ಅವರು ಕೈಯಲ್ಲಿದ್ದ ಬಕೆಟನ್ನು ನೋಡಿದರು. "ಸರಿಯಲ್ಲಮ್ಮ," ಎಂದರು. ಬಕೆಟನ್ನು ಅವಳ ಕಾಲ ಹತ್ತಿರ ಇಟ್ಟು ಹೊರಟುಬಂದರು. ಮತ್ತೆ ಆ ಕಡೆ ಹೋಗಲಿಲ್ಲ.

ನಾನು ಹೋಗಿ ನೋಡಿದೆ. ಮೊದಲು ಮೊಳೆಗಳು ಉದುರಿದವು. ಆಮೇಲೆ ಹಲಗೆಗಳು ಸೊಟ್ಟಗಾಗಿ ಸೀಳಿದವು. ದೀಪಾವಳಿಯ ಹೊತ್ತಿಗೆ ಕಟ್ಟೆಯ ಮೇಲೆ ಒಂದು ರಾಶಿ ಚಕ್ಕೆ ಉಳಿದಿತ್ತು. ವಾಚ್‌ಮನ್ ಅದನ್ನು ಬಿಸಿನೀರಿನ ಒಲೆಗೆ ಹಾಕುತ್ತಿದ್ದ. ಚೆನ್ನಾಗಿ ಉರಿಯುವುದಿಲ್ಲ, ಬರೀ ಹೊಗೆ ಎಂದು ನನ್ನ ಹತ್ತಿರವೇ ದೂರಿದ.

ದೋಣಿ ಹೋಯಿತು. ಅಲ್ಲಿಗೇ ನಿಂತಿದ್ದರೆ ನಾನು ಹೇಗೋ ಬದುಕಿಕೊಳ್ಳುತ್ತಿದ್ದೆನೇನೋ. ಅವರು ದೋಣಿಯ ಬಗ್ಗೆ ಮಾತು ನಿಲ್ಲಿಸಿ ತಮ್ಮ ತಲೆಯ ಬಗ್ಗೆ ಶುರು ಮಾಡಿದರು. ಹುಣಸೆ ಎಂದು ಬರೆದದ್ದು ತಮ್ಮ ಕೈ ಎಂದು ಅವರು ಪೂರ್ತಿ ನಂಬಿಬಿಟ್ಟಿದ್ದರು. ಎಲ್ಲರಂತೆ ಅವರೂ ಕನ್ನಡಕ ಎಲ್ಲೋ ಇಟ್ಟು ಹುಡುಕುತ್ತಿದ್ದರು, ಗ್ಯಾಸಿನವನಿಗೆ ಫೋನು ಮಾಡಲು ಮರೆಯುತ್ತಿದ್ದರು. ಈಗ ಅವೆಲ್ಲ ಸಾಕ್ಷಿಯಾದವು. "ನೋಡಿದ್ರಾ, ಶುರುವಾಯ್ತು," ಎನ್ನುತ್ತಿದ್ದರು. ಶಾರದಮ್ಮನವರು ಹೆದರಿ ಡಾಕ್ಟರ ಹತ್ತಿರ ಕರೆದೊಯ್ದರು. ವಯಸ್ಸಿಗೆ ಸಹಜ, ನೋಡೋಣ ಎಂದು ಹೇಳಿ ಡಾಕ್ಟರು ಒಂದು ಮಾತ್ರೆ ಬರೆದರು. ಆ ಮಾತ್ರೆಗೆ ಇವರು ದಿನವಿಡೀ ತೂಕಡಿಸುತ್ತಿದ್ದರು. ತೂಕಡಿಕೆ ಕಂಡು ಇನ್ನೊಂದು ಮಾತ್ರೆ.

ಮುಳುಗುಗಾರನಿಗೆ ನೆನಪೇ ಪ್ರಾಣ. ಎಷ್ಟು ಹೊತ್ತಾಯಿತು, ಗಾಳಿ ಎಷ್ಟಿದೆ, ಹಗ್ಗ ಯಾವ ಕಡೆ, ಇದರಲ್ಲಿ ಒಂದು ಮರೆತರೂ ಮುಗಿಯಿತು. ಇದನ್ನು ನನಗೆ ಹೇಳಿಕೊಟ್ಟವರೇ ಅವರು. ಹಾಗಾಗಿ ಅವರೇ ತೀರ್ಮಾನ ಮಾಡಿ ನೀರಿಗೆ ಇಳಿಯುವುದನ್ನು ಬಿಟ್ಟರು. ಕ್ವಾರಿಯಿಂದ ಫೋನು ಬಂದರೆ, "ನಂಗೆ ಈಗ ಆಗಲ್ಲಪ್ಪ, ತಲೆ ಸರಿಯಿಲ್ಲ," ಎನ್ನುತ್ತಿದ್ದರು. ಸಿಲಿಂಡರು, ಬೆಲ್ಟು, ಕಾಲಿಗೆ ಕಟ್ಟುವ ರೆಕ್ಕೆ ಎಲ್ಲ ಯಾರಿಗೋ ಕೊಟ್ಟರು. ಉಳಿದ ಹನ್ನೊಂದು ದೋಣಿಗಳ ಸರಿಯಾದ ಗುರುತನ್ನು ಎಲ್ಲಾದರೂ ಬರೆದಿಡಿ ಎಂದು ಒಮ್ಮೆ ಕೇಳಿಕೊಂಡೆ.

"ನನ್ನ ಕೈ ಮೇಲೆ ನಂಗೆ ನಂಬಿಕೆ ಹೋಯ್ತು ಕಣ್ರೀ," ಎಂದರು. ಬರೆಯಲಿಲ್ಲ.

ಆರು ವರ್ಷ ಪ್ರತಿ ಗುರುವಾರ ಅವರ ಮನೆಗೆ ಹೋದೆ. ಪ್ರತಿ ಗುರುವಾರ ಹೇಳಬೇಕೆಂದೇ ಹೋದೆ. ಚಪ್ಪಲಿ ಬಿಡುವಾಗ ಧೈರ್ಯವಿರುತ್ತಿತ್ತು. ಕಾಫಿ ಬರುವ ಹೊತ್ತಿಗೆ ಇರುತ್ತಿರಲಿಲ್ಲ. ಒಂದು ಸಲ, "ಸಾರ್, ಆ ಪುಟ..." ಎಂದು ಬಾಯಿ ತೆರೆದೆ. ಅವರು ನನ್ನ ಮಂಡಿ ತಟ್ಟಿ, "ಬಿಡಿ, ನೀವ್ಯಾಕೆ ಬೇಜಾರ್ ಮಾಡ್ಕೊತೀರಾ. ನಿಮ್ಮ ಕಣ್ಣಿಗೂ ಬೀಳ್ಲಿಲ್ಲ, ನಿಮ್ಮ ತಪ್ಪೇನಿದೆ," ಎಂದು ನನಗೇ ಸಮಾಧಾನ ಹೇಳಿದರು. ಬಾಯಿ ಮುಚ್ಚಿಕೊಂಡೆ. ಹೇಡಿಗೆ ನೆಪ ಸಿಕ್ಕಿದರೆ ಸಾಕು.

ವೈಕುಂಠ ಸಮಾರಾಧನೆ ಮುಗಿದ ಎಂಟು ದಿನಕ್ಕೆ, ಮಧ್ಯಾಹ್ನ, ಅಟ್ಟದಿಂದ ಆ ಚೀಲ ಇಳಿಸಿಕೊಂಡು ಶಾರದಮ್ಮನವರ ಮನೆಗೆ ಹೋದೆ. ಅವರು ನೆಲದ ಮೇಲೆ ಪೇಪರು ಹಾಸಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ. ತಿದ್ದಿದ್ದು, ಎರಡು ಸುಳ್ಳು, ಆರು ವರ್ಷ. ಬೈಯಲಿ, ಎದ್ದು ಹೋಗು ಎನ್ನಲಿ ಎಂದು ಕಾಯುತ್ತಿದ್ದೆ.

ಅವರು ಸೆರಗಿಗೆ ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ನಾನು ಕೊನೆಯ ಅಧ್ಯಾಯದ ಹಾಳೆ ತೆಗೆದು ಕೊಟ್ಟೆ. ಪೆನ್ಸಿಲ್ಲಿನ ಅಕ್ಷರ ಒಂದಿಷ್ಟೂ ಮಾಸಿರಲಿಲ್ಲ. ಬೆರಳಿಟ್ಟು ಓದಿದರು. ಅರಳಿ ಮರ ಎಂಬಲ್ಲಿ ಬೆರಳು ನಿಂತಿತು.

"ಹೋದ್ ಯುಗಾದಿಗೆ ಕೇಳಿದ್ರು," ಎಂದರು, ಹಾಳೆಯಿಂದ ಕಣ್ಣೆತ್ತದೆ. "ಒಂದೇ ಒಂದ್ಸಲ ಇಳಿದು ಬರ್ತೀನಿ ಶಾರದಾ, ಮೇಲ್ಮೇಲೆ ಇರ್ತೀನಿ, ಆಳಕ್ಕೆ ಹೋಗಲ್ಲ ಅಂತ. ಮಗು ಕೇಳ್ದಂಗೆ ಕೇಳಿದ್ರು. ನಾನೇ ಬೈದೆ. ಮರ ಯಾವ್ದು ಅಂತ ನೆನಪಿಲ್ದೋರು ನೀರಿಗಿಳೀತಾರಾ ಅಂತ."

ಹಾಳೆಯ ಮಡಿಕೆಯನ್ನು ಬೆರಳಿನಿಂದ ನೇರ ಮಾಡಿದರು.

"ಆ ಮಾತ್ರೇನೂ ನಾನೇ ಬಾಯಿಗೆ ಹಾಕ್ತಿದ್ದೆ. ಬೇಡ ಅಂತಿದ್ರು. ಹಾಕ್ತಿದ್ದೆ."

ಹಾಳೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಹಂಗಾದ್ರೆ ಅವರಿಗೆ ಏನೂ ಆಗಿರ್ಲಿಲ್ಲ?"

"ಇಲ್ಲಮ್ಮ," ಎಂದೆ. "ಏನೂ ಆಗಿರ್ಲಿಲ್ಲ."